ಮಗಳಿಗೊಂದು ಪತ್ರ: ಆರು ಬಾನೆ ನೀರು

ಪ್ರೀತಿಯ ಮಗಳೇ,

ನಿನ್ನೆ ಚರ್ಚಿನ ಆರಾಧನೆಯಲ್ಲಿ ನಿಮ್ಮ ಮದುವೆಯ ಎರಡನೇ ಪ್ರಕಟಣೆ ಓದಿದರು. ಆಕ್ಷೇಪಣೆ ಇದ್ದವರು ತಿಳಿಸಬಹುದು ಅಂದಾಗ ಗಂಡಸರ ಸಾಲಿನಿಂದ ಅಪ್ಪ ತಿರುಗಿ ನನ್ನನ್ನು ನೋಡಿದರು. ಕಣ್ಣು ತುಂಬಿತ್ತು. ನನಗೂ ಅಷ್ಟೇ. ಫೋನಿನಲ್ಲಿ ಬರೀ ಸೀರೆ, ಹಾಲ್, ಫೋಟೋದವರು, ಇಷ್ಟೇ ಮಾತಾಗಿಬಿಟ್ಟಿದೆ ಅಲ್ವಾ. ಹೇಳಬೇಕಾದ್ದು ಬಾಕಿಯಾಗುತ್ತಿದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಮನುಷ್ಯ ಒಂಟಿಯಾಗಿರುವುದು ಒಳ್ಳೆಯದಲ್ಲ ಅನ್ನುವ ಮಾತು ಮದುವೆಗಳಲ್ಲಿ ಕೇಳಿ ಕೇಳಿ ನಮಗೆ ಬಾಯಿಪಾಠ. ಅದು ಬೈಬಲಿನ ಆದಿಕಾಂಡ 2ನೇ ಅಧ್ಯಾಯದ 18ನೇ ವಚನ. ಸ್ವಲ್ಪ ಮೇಲೆ ಹೋಗಿ 15ನೇದನ್ನು ಓದು. ದೇವರು ಆದಾಮನನ್ನು ಏದೆನ್ ತೋಟದಲ್ಲಿ ಇಟ್ಟದ್ದು ಯಾಕೆ ಅಂತ ಅಲ್ಲಿದೆ. ಅದರಲ್ಲಿ ಕೆಲಸ ಮಾಡುವುದಕ್ಕೆ, ಅದನ್ನು ಕಾಯುವುದಕ್ಕೆ. ಮೊದಲು ತೋಟ, ಆ ತೋಟಕ್ಕೊಂದು ಕೆಲಸ, ಆಮೇಲೆ ಜೊತೆಗಾರ್ತಿ. ಇಬ್ಬರನ್ನು ಒಂದು ಮಾಡಿದ್ದೇ ಆ ಕೆಲಸದ ನಡುವೆ. ಇನ್ನೊಂದು ಮಾತು. ಆರಾಧನೆ ಮುಗಿಯುವಾಗ "ಯೆಹೋವನು ನಿನ್ನನ್ನು ಆಶೀರ್ವದಿಸಿ ಕಾಪಾಡಲಿ" ಅನ್ನುತ್ತಾರಲ್ಲ, ಬೈಬಲಿನದೇ ಅರಣ್ಯಕಾಂಡದ ಮಾತು, ಅಲ್ಲಿಯ 'ಕಾಪಾಡು', ಇಲ್ಲಿಯ 'ಕಾಯು', ಎರಡಕ್ಕೂ ಹೀಬ್ರೂ ಭಾಷೆಯಲ್ಲಿ ಒಂದೇ ಪದ. ದೇವರು ನಮ್ಮನ್ನು ಹೇಗೆ ಕಾಯುತ್ತಾನೋ ಹಾಗೆ ನಾವು ಮಣ್ಣನ್ನು ಕಾಯಬೇಕು. ಒಬ್ಬರನ್ನೊಬ್ಬರು ಕೂಡ. ನನಗೆ ಇವು ಬೇರೆ ಬೇರೆ ವಿಷಯ ಅಂತ ಅನಿಸಿಯೇ ಇಲ್ಲ.

ನೀನು ಹುಟ್ಟುವ ಮೊದಲಿನ ಸಂಗತಿ ಒಂದನ್ನು ಹೇಳುತ್ತೇನೆ. ಈ ಮನೆಗೆ ಬಂದ ಹೊಸತರಲ್ಲಿ ಬಚ್ಚಲೊಲೆಗೆ ಬೆಂಕಿ ಹಿಡಿಸಲು ನನಗೆ ಹಾಲಿನ ಪ್ಯಾಕೆಟ್ಟೇ ಆಗಬೇಕಿತ್ತು. ಮಳೆಗಾಲದಲ್ಲಿ ಮಡಲು, ಸಿಪ್ಪೆ ಎಲ್ಲ ಒದ್ದೆ, ಪ್ಲಾಸ್ಟಿಕ್ ಮಾತ್ರ ತಟ್ಟನೆ ಹತ್ತಿಕೊಳ್ಳುತ್ತದೆ. ಸುತ್ತಮುತ್ತ ಎಲ್ಲರೂ ಅದನ್ನೇ ಮಾಡುತ್ತಿದ್ದರು. ಪಕ್ಕದ ಮನೆಯಲ್ಲಿ ಬಾಣಂತಿ ಇದ್ದಳು. ನಮ್ಮ ಹೊಗೆ ನೇರ ಅವರ ಕಿಟಕಿಗೆ ಹೋಗುವುದನ್ನು ಒಂದು ಬೆಳಿಗ್ಗೆ ಅಪ್ಪ ನೋಡಿದರು. ನನಗೆ ಒಂದು ಮಾತೂ ಆಡಲಿಲ್ಲ. ಮರುದಿನದಿಂದ ಪ್ಯಾಕೆಟ್ಟುಗಳನ್ನು ಕತ್ತರಿಸಿ, ತೊಳೆದು, ಬಟ್ಟೆ ಒಣಹಾಕಿದ ಹಾಗೆ ಹಿತ್ತಿಲ ಹಗ್ಗಕ್ಕೆ ಸಿಕ್ಕಿಸಿದರು, ಒಲೆಗೆ ಅಂತ ಒಣಗಿದ ಗೆರಟೆಗಳನ್ನು ಬಚ್ಚಲ ಮೂಲೆಯಲ್ಲಿ ಜೋಡಿಸಿಟ್ಟರು, ಗುಜರಿಯವನು ಬಂದಾಗ ಪ್ಯಾಕೆಟ್ಟಿನ ಕಟ್ಟನ್ನು ಅವನ ಕೈಗೆ ಕೊಟ್ಟರು. ನನಗೆ ಮೊದಲು ಸಿಟ್ಟೇ ಬಂತು. ಬಾಯಿಬಿಟ್ಟು ಹೇಳಬಾರದಿತ್ತಾ ಅಂತ. ಒಂದು ವಾರ ಕಳೆದ ಮೇಲೆ ಅವರ ಕೈಯಿಂದ ಕತ್ತರಿ ತೆಗೆದುಕೊಂಡೆ. ಆ ಮಗುವಿನ ಶ್ವಾಸಕ್ಕೆ ನಾನು ಏನು ಕಳಿಸುತ್ತಿದ್ದೆ ಅನ್ನುವುದು ನೆನಪಾದರೆ ಈಗಲೂ ಸಂಕಟವಾಗುತ್ತದೆ.

ಎಫೆಸದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ ಜನ ಹೆಂಡತಿ ಗಂಡನಿಗೆ ತಗ್ಗಿ ನಡೆಯಬೇಕು ಅನ್ನುವ 22ನೇ ವಚನವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾರೆ. ಅದರ ಹಿಂದಿನ ವಚನದಲ್ಲಿ ಒಬ್ಬರಿಗೊಬ್ಬರು ತಗ್ಗಿ ನಡೆಯಿರಿ ಅಂತಿದೆ. ಅದನ್ನು ಬಿಡಬೇಡ.

ಎಲ್ಲವೂ ಹೀಗೆ ಮೌನವಾಗಿ ಮುಗಿಯಲಿಲ್ಲ. ಬಾವಿ ಏಪ್ರಿಲ್‌ನಲ್ಲೇ ತಳ ಕಂಡ ವರ್ಷ ಅಪ್ಪ ಬೋರ್‌ವೆಲ್ ಕೊರೆಸೋಣ ಅಂದರು. ಕೆಳಗಿನ ಮನೆಯವರ ಬಾವಿ ಏನಾಗಬೇಕು ಅಂತ ನಾನು ಹಿಡಿದ ಹಟ ಬಿಡಲಿಲ್ಲ. ಜೋರು ಜಗಳ. ಎರಡು ಮಳೆಗಾಲ ಹಾಗೇ ಹೋಯಿತು. ಕೊನೆಗೆ ಅಪ್ಪನೇ ಲೆಕ್ಕ ಹಾಕಿದರು. ನಮ್ಮಲ್ಲಿ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ. ಅಷ್ಟು ಮಳೆ 100 ಚದರ ಮೀಟರ್ ಮಾಡಿನ ಮೇಲೆ ಬಿದ್ದರೆ 4 ಲಕ್ಷ ಲೀಟರ್! ಅದೆಲ್ಲ ತೋಡಿಗೆ, ತೋಡಿನಿಂದ ಕಡಲಿಗೆ. ಹಂಚಿನ ಮಾಡಿಗೆ ದಂಬೆ ಕಟ್ಟಿ, ಡ್ರಮ್ಮಿನಲ್ಲಿ ಜಲ್ಲಿ, ಮರಳು, ಇದ್ದಿಲು ಹಾಕಿ ಸೋಸಿ ಬಾವಿಗೆ ಬಿಟ್ಟೆವು. ಮೊದಲ ಒಂದೆರಡು ಮಳೆಯ ನೀರನ್ನು ಮಾತ್ರ ಹೊರಗೆ ಬಿಡಬೇಕು, ಮಾಡಿನ ಕಸವೆಲ್ಲ ಅದರಲ್ಲೇ ಬರುತ್ತದೆ. ಆ ಡ್ರಮ್ಮಿನ ಮರಳು ತೊಳೆಯುವುದು ಈಗಲೂ ನಮ್ಮಿಬ್ಬರ ಮೇ ತಿಂಗಳ ಕೆಲಸ. ಆ ದಿನ ನಾವು ಚೆನ್ನಾಗಿ ಮಾತಾಡುತ್ತೇವೆ.

ಬೆಂಗಳೂರಿನ ಫ್ಲಾಟಿನಲ್ಲಿ ತೋಟ ಎಲ್ಲಿಂದ ಅಮ್ಮಾ ಅಂತ ನೀನು ಕೇಳಬಹುದು. ನಲ್ಲಿ ಇದೆಯಲ್ಲ. ನಿಮ್ಮ ಕಾವೇರಿ ನೀರು ತೊರೆಕಾಡನಹಳ್ಳಿಯ ಕಡೆಯಿಂದ ಸುಮಾರು 100 ಕಿ.ಮೀ. ಬರುತ್ತದೆ, ಅದೂ ಸುಮಾರು 500 ಮೀಟರ್ ಮೇಲಕ್ಕೆ ಪಂಪ್ ಮಾಡಿ. ಕಸದ ಡಬ್ಬಿಯೂ ಇದೆ. ಬೆಂಗಳೂರಿನ ಹೊರಗಿನ ಹಳ್ಳಿ ಮಂಡೂರಿನ ಜನ ವರ್ಷಗಟ್ಟಲೆ ಬೆಂಗಳೂರಿನ ಕಸದ ನಾತದಲ್ಲಿ ಬದುಕಿದರು, 2014ರಲ್ಲಿ ಬೀದಿಗಿಳಿದರು. ಹಸಿ ಕಸ, ಒಣ ಕಸ ಬೇರೆ ಮಾಡದೆ ಒಂದೇ ಚೀಲಕ್ಕೆ ಸುರಿಯುವಾಗ ಅದು ಯಾರ ಊರಿಗೆ, ಯಾರ ಬಾವಿಯ ಹತ್ತಿರ ಹೋಗುತ್ತದೆ ಅಂತ ಯೋಚಿಸು. ನೆರೆಯವನನ್ನು ಪ್ರೀತಿಸು ಅಂದಾಗ ಯೇಸು ನಮ್ಮ ಕಣ್ಣಿಗೆ ಕಾಣುವ ನೆರೆಯವನನ್ನು ಮಾತ್ರ ಹೇಳಿದ್ದಲ್ಲ.

ಕಾನಾ ಊರಿನ ಮದುವೆ ನಿನಗೆ ಚಿಕ್ಕಂದಿನಿಂದ ಇಷ್ಟ. ನೀರು ದ್ರಾಕ್ಷಾರಸ ಆದದ್ದನ್ನೇ ಎಲ್ಲರೂ ಹೇಳುತ್ತಾರೆ. ನಾನು ಬಾವಿಯಿಂದ ನೀರು ಸೇದಿ ಬೆಳೆದವಳು, ನನ್ನ ಕಣ್ಣು ಯೇಸು ಹೇಳಿದ ಹಾಗೆ ನೀರು ತುಂಬಿದ ಆ ಆಳುಗಳ ಮೇಲೆಯೇ. ಆರು ಕಲ್ಲಿನ ಬಾನೆ, ಕಂಠದವರೆಗೆ ತುಂಬಿದರು ಅಂತ ಯೋಹಾನ ಬರೆದಿದ್ದಾನೆ. ಎಷ್ಟು ಕೊಡ ಎತ್ತಿರಬೇಕು, ಎಷ್ಟು ಕೈ ನೊಂದಿರಬೇಕು! ಕರ್ತನು ಅದ್ಭುತ ಮಾಡಿದ್ದು ಆ ಜನ ಹೊತ್ತು ತಂದ ನೀರಿನಲ್ಲಿ. ನಿಮ್ಮ ಸಂಸಾರದಲ್ಲೂ ನೀರು ಹೊರುವ ದಿನಗಳೇ ಜಾಸ್ತಿ ಇರುತ್ತವೆ. ಬಾನೆ ಅರ್ಧಕ್ಕೆ ಬಿಡಬೇಡಿ.

ಇನ್ನು ಊಟದ ವಿಷಯ. ಯೇಸು ಉಣಿಸಿದ ಐದು ಸಾವಿರ ಜನ ಉಂಡು ಮುಗಿಸಿದ ಮೇಲೆ ಏನೂ ಹಾಳಾಗಬಾರದು, ಮಿಕ್ಕ ತುಂಡುಗಳನ್ನು ಕೂಡಿಸಿ ಅಂತ ಯೇಸುವೇ ಹೇಳಿದ. ಹನ್ನೆರಡು ಪುಟ್ಟಿ ತುಂಬಿತು. ನಮ್ಮ ಮದುವೆಗಳಲ್ಲಿ ಅರ್ಧ ತಿಂದ ಎಲೆ ಮಡಚಿ ಎದ್ದುಹೋಗುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಬಾಳೆ ಎಲೆಯೇ ಇರಲಿ, ತಿಂಡಿಗೆ ಅಡಿಕೆ ಹಾಳೆಯ ತಟ್ಟೆ. ಕುಡಿಯಲು ಸ್ಟೀಲ್ ಲೋಟ, ಅರ್ಧ ಲೀಟರಿನ ಬಾಟಲಿ ಬೇಡವೇ ಬೇಡ. ಸ್ಟೇಜಿಗೆ ಥರ್ಮಾಕೋಲ್ ಬೇಡ ಅಂತ ಅಪ್ಪ ಆಗಲೇ ಹೇಳಿಬಿಟ್ಟಿದ್ದಾರೆ. ಹೂವು ಇಲ್ಲಿಯದೇ, ಮಲ್ಲಿಗೆ, ಸೇವಂತಿಗೆ ಸಾಕು.

ಈ ಪತ್ರವನ್ನು ನಿಮ್ಮವರಿಗೂ ಓದಿ ಹೇಳು, ಅವರಿಗೆ ಬೇರೆ ಏನಾದರೂ ಅನಿಸಿದರೆ ನನಗೆ ಫೋನ್ ಮಾಡಲಿ. ಅತ್ತೆ ಮನೆ ಕಡೆಯಿಂದ ಎಷ್ಟು ಜನ ಅನ್ನುವ ಸರಿಯಾದ ಲೆಕ್ಕ ಶನಿವಾರದೊಳಗೆ ಕೊಡು. ಅಡುಗೆಯವರು ಅದಕ್ಕೇ ಕಾಯುತ್ತಿದ್ದಾರೆ. ಸುಮ್ನೆ ಅಂದಾಜಿಗೆ ನೂರು ಜಾಸ್ತಿ ಬರೆಸಬೇಡ.

ನಿನ್ನ,
ಅಮ್ಮ