ಒಂದೇ ತಲೆ, ಎರಡು ಪ್ರಾಣಿ

ಮಾನ್ಯರೇ,

ಬಾದಾಮಿಯ ಒಂದನೇ ಗುಹೆಗೆ ಹೋದವರೆಲ್ಲ 18 ಕೈಗಳ ನಟರಾಜನ ಮುಂದೆ ಫೋಟೊ ತೆಗೆಸಿಕೊಳ್ಳುತ್ತಾರೆ. ತಪ್ಪೇನಿಲ್ಲ, ಅವನು ಇರೋದೇ ಹಾಗೆ. ಆದರೆ ಅಲ್ಲೇ ಎಡಗಡೆ ತ್ರಿಶೂಲ ಹಿಡಿದ ದ್ವಾರಪಾಲಕನ ಕಾಲ ಕೆಳಗೆ ಯಾರೂ ಬಗ್ಗಿ ನೋಡುವುದಿಲ್ಲ.

ಅಲ್ಲೊಂದು ಪುಟ್ಟ ಚಮತ್ಕಾರವಿದೆ. ಎರಡು ಮೈ, ತಲೆ ಮಾತ್ರ ಒಂದೇ. ಒಂದು ಕಡೆಯ ಮೈಯನ್ನು ಅಂಗೈಯಿಂದ ಮರೆ ಮಾಡಿದರೆ ಆನೆ, ಇನ್ನೊಂದು ಕಡೆ ಮರೆ ಮಾಡಿದರೆ ಬಸವ! ಕಳೆದ ವಾರ ನನ್ನ ಮೊಮ್ಮಗಳು ಹತ್ತು ಸಲವಾದರೂ ಕೈ ಅಡ್ಡ ಹಿಡಿದು ನೋಡಿದಳು. ಸುಮ್ನೆ ಹೇಳುತ್ತಿಲ್ಲ, ನಾನೂ ಅಷ್ಟೇ ಸಲ ನೋಡಿದೆ.

ಬಾತುಕೋಳಿಯೋ ಮೊಲವೋ ಎಂದು ಕಾಡುವ ಚಿತ್ರ ನಿಮಗೆ ಗೊತ್ತಿರಬಹುದು. ಅದು ಜರ್ಮನಿಯ ಹಾಸ್ಯಪತ್ರಿಕೆಯಲ್ಲಿ ಬಂದಿದ್ದು 1892ರಲ್ಲಿ. ನಮ್ಮ ಚಾಲುಕ್ಯರ ಶಿಲ್ಪಿ 6ನೇ ಶತಮಾನದಲ್ಲೇ ಕಲ್ಲಿನಲ್ಲಿ ಈ ಆಟ ಆಡಿದ್ದ. ತಮಿಳುನಾಡಿನ ದಾರಾಸುರಂ ದೇವಾಲಯದಲ್ಲೂ ಇಂಥದ್ದೇ ಆನೆ-ಬಸವ ಇದೆ, ಅದು 12ನೇ ಶತಮಾನದ್ದು.

ಶಾಲಾ ಪ್ರವಾಸಕ್ಕೆ ಮಕ್ಕಳನ್ನು ಕರೆತರುವ ಮೇಷ್ಟ್ರುಗಳು ಅಲ್ಲಿ ಎರಡು ನಿಮಿಷ ನಿಲ್ಲಿಸಲಿ. ಉತ್ತರ ಮಾತ್ರ ಮೊದಲೇ ಹೇಳಬೇಡಿ.

– ಒಬ್ಬ ಓದುಗ, ಗದಗ