ಮಗಳಿಗೊಂದು ಪತ್ರ: ಸಣ್ಣ ಲ್ಯಾಪ್‌ಟಾಪಿಗೆ ಎಷ್ಟು ಪಿಕ್ಸೆಲ್ ಬೇಕು?

ಉಡುಪಿ

ಪ್ರೀತಿಯ ಪುಟ್ಟಿ,

ನೀನು ಕಳಿಸಿದ ಮೂರು ಲ್ಯಾಪ್‌ಟಾಪ್‌ಗಳ ವಿವರ ಕೂತು ನೋಡಿದೆ. ಫೋನಿನಲ್ಲೇ ಹೇಳಬಹುದಿತ್ತು, ಆದರೆ ಇದರಲ್ಲಿ ಸ್ವಲ್ಪ ಲೆಕ್ಕ ಉಂಟು. ಬರೆದಿಟ್ಟರೆ ಅಂಗಡಿಯಲ್ಲಿ ನಿಂತು ಮತ್ತೊಮ್ಮೆ ಓದಿಕೊಳ್ಳಬಹುದು. ಮೂರರಲ್ಲೂ ಪ್ರೊಸೆಸರ್, ಮೆಮೊರಿ ಹೆಚ್ಚುಕಮ್ಮಿ ಒಂದೇ. ವ್ಯತ್ಯಾಸ ಇರುವುದು ಪರದೆಯಲ್ಲಿ. ಬೆಳಗಿನಿಂದ ಸಂಜೆವರೆಗೆ ಕನ್ನಡ ಓದಿ ತಿದ್ದುವ ನಿನಗೆ ಮೊದಲು ನೋಡಬೇಕಾದದ್ದೂ ಅದನ್ನೇ.

ಅಂಗಡಿಯವರು ಹೇಳುವ ಫುಲ್ ಎಚ್‌ಡಿ, 2.8ಕೆ, 4ಕೆ ಎಲ್ಲ ಪರದೆಯಲ್ಲಿ ಒಟ್ಟು ಎಷ್ಟು ಪಿಕ್ಸೆಲ್, ಅಂದರೆ ಚಿತ್ರ ಮೂಡಿಸುವ ಸಣ್ಣ ಚುಕ್ಕಿ, ಇದೆ ಅಂತ ಹೇಳುತ್ತವೆ, ಅಷ್ಟೆ. ಕಣ್ಣಿಗೆ ಬೇಕಾದದ್ದು ಒಂದು ಇಂಚಿನೊಳಗೆ ಎಷ್ಟು ಪಿಕ್ಸೆಲ್ ಕೂತಿದೆ ಅನ್ನುವುದು. ಅಗಲದ ಪಿಕ್ಸೆಲ್‌ಗಳ ವರ್ಗ, ಎತ್ತರದ ಪಿಕ್ಸೆಲ್‌ಗಳ ವರ್ಗ, ಎರಡನ್ನೂ ಕೂಡಿಸಿ ವರ್ಗಮೂಲ ತೆಗೆ. ಬಂದದ್ದನ್ನು ಪರದೆಯ ಇಂಚಿನಿಂದ, ಅಂದರೆ ಮೂಲೆಯಿಂದ ಮೂಲೆಗಿರುವ ಅಳತೆಯಿಂದ, ಭಾಗಿಸು. ನಿನ್ನ ಮೊದಲನೆಯದು 14 ಇಂಚು, 1920 x 1200. ಇಂಚಿಗೆ ಸುಮಾರು 162 ಬರುತ್ತದೆ. ಎರಡನೆಯದು ಅದೇ 14 ಇಂಚು, 2880 x 1800. ಅಲ್ಲಿ 243. ಮೂರನೆಯದು 13.3 ಇಂಚಿನ 4ಕೆ, ಅಂದರೆ 3840 x 2160. ಅದರಲ್ಲಿ 331. ನಮ್ಮ ಅಚ್ಚಿನ ಕೆಲಸದ ಅಂಗಡಿಯ 24 ಇಂಚಿನ ಮಾನಿಟರ್‌ನಲ್ಲಿ ಇರುವುದು ಬರೀ 92.

ಎಷ್ಟಿದ್ದರೆ ಸಾಕು? ಅದು ನೀನು ಎಷ್ಟು ದೂರದಿಂದ ನೋಡುತ್ತೀಯ ಅನ್ನುವುದರ ಮೇಲೆ ಹೋಗುತ್ತದೆ. ಒಳ್ಳೆಯ ಕಣ್ಣು ಒಂದು ಡಿಗ್ರಿಯ 60ನೇ ಒಂದು ಭಾಗದಷ್ಟು ಅಂತರದ ಎರಡು ಚುಕ್ಕಿಗಳನ್ನು ಬೇರೆ ಬೇರೆಯಾಗಿ ಗುರುತಿಸುತ್ತದೆ. 60 ಸೆಂಟಿಮೀಟರ್ ದೂರಕ್ಕೆ ಅದು ಇಂಚಿಗೆ ಸುಮಾರು 145 ಪಿಕ್ಸೆಲ್ ಆಯಿತು. 50 ಸೆಂಟಿಮೀಟರ್‌ಗೆ 175. 40ಕ್ಕೆ ಬಂದರೆ ಹತ್ತಿರ ಹತ್ತಿರ 220. ದೊಡ್ಡ ಮಾನಿಟರ್ ಮೇಜಿನ ಆ ಕಡೆ ಇರುತ್ತದೆ, ಸಣ್ಣ ಲ್ಯಾಪ್‌ಟಾಪ್ ಮೊಣಕೈ ಹತ್ತಿರವೇ ಇರುತ್ತದೆ. ನೀನಂತೂ ಚಿಕ್ಕಂದಿನಿಂದಲೂ ಪುಸ್ತಕಕ್ಕೆ ಮೂಗು ತಾಗಿಸಿಯೇ ಓದುವವಳು. ಹಾಗಾಗಿ ಸಣ್ಣ ಪರದೆಗೇ ಪಿಕ್ಸೆಲ್ ಒತ್ತೊತ್ತಾಗಿ ಬೇಕು. ಇದು ಅಂದಾಜಿನ ಲೆಕ್ಕ ಮಾತ್ರ ಅನ್ನುವುದು ನೆನಪಿರಲಿ. ಓರೆ ಗೆರೆಯ ಅಂಚಿನಲ್ಲಿರುವ ಹಲ್ಲುಹಲ್ಲು ಇದಕ್ಕಿಂತ ಸಣ್ಣದಿದ್ದರೂ ಕಣ್ಣು ಹಿಡಿಯುತ್ತದೆ.

ಇನ್ನು ಕನ್ನಡದ ವಿಷಯ. ಲ್ಯಾಪ್‌ಟಾಪ್ ಬಗ್ಗೆ ಸಲಹೆ ಕೊಡುವವರು ಹೆಚ್ಚಿನವರು ಇಂಗ್ಲಿಷ್ ಅಕ್ಷರ ನೋಡಿ ಮಾತಾಡುತ್ತಾರೆ. ನಮ್ಮ ಅಕ್ಷರದ ಬೇಡಿಕೆ ಅದಕ್ಕಿಂತ ಜಾಸ್ತಿ. ಸ್ಕೇಲ್ 100ರಲ್ಲಿ ಇಟ್ಟರೆ, ಅಂದರೆ ವಿಂಡೋಸ್ ಏನನ್ನೂ ಹಿಗ್ಗಿಸದಿದ್ದರೆ, 11 ಪಾಯಿಂಟಿನ ಅಕ್ಷರಕ್ಕೆ ತಲೆಯಿಂದ ಬುಡದವರೆಗೆ ಸಿಗುವುದು ಸುಮಾರು 15 ಪಿಕ್ಸೆಲ್. ಅಷ್ಟರಲ್ಲೇ ತಲೆಕಟ್ಟು ಬರಬೇಕು, ಗುಣಿತ ಬರಬೇಕು, ಕೆಳಗೆ ಒತ್ತಕ್ಷರವೂ ಕೂರಬೇಕು. ಒತ್ತಿಗೆ ಉಳಿಯುವುದು ಬಹಳವೆಂದರೆ ನಾಲ್ಕೈದು ಸಾಲು ಪಿಕ್ಸೆಲ್. 'ರಾಷ್ಟ್ರ' ಅಂತ ಟೈಪ್ ಮಾಡಿ ನೋಡು. ಷ ಕೆಳಗೆ ಟ ಒತ್ತು, ಅದರ ಜೊತೆ ರ ಒತ್ತು. ಕಮ್ಮಿ ಪಿಕ್ಸೆಲ್‌ನ ಪರದೆಯಲ್ಲಿ ಅವೆರಡೂ ಸೇರಿ ಒಂದು ಬೂದು ಮುದ್ದೆ ಆಗುತ್ತದೆ. ದ, ಧ, ಥ ನೋಡು. ಒಂದಕ್ಕೆ ಏನೂ ಇಲ್ಲ, ಒಂದಕ್ಕೆ ಹೊಟ್ಟೆ ಸೀಳಿದೆ, ಒಂದಕ್ಕೆ ನಡುವೆ ಚುಕ್ಕೆ. ಈ ಸೀಳು, ಈ ಚುಕ್ಕೆ ಒಂದೇ ಒಂದು ಪಿಕ್ಸೆಲ್‌ನಲ್ಲಿ ನಿಂತಿರುತ್ತದೆ. ಅದು ಮಬ್ಬಾದರೆ ಪ್ರೂಫ್ ನೋಡುವವಳು ಅಕ್ಷರವನ್ನು ಓದುವುದಿಲ್ಲ, ಊಹಿಸುತ್ತಾಳೆ. ಊಹಿಸಿದ ಕಡೆ ತಪ್ಪು ಉಳಿಯುತ್ತದೆ.

ಬ್ರಹ್ಮಕಲಶೋತ್ಸವದ ಆಮಂತ್ರಣ ಪತ್ರಿಕೆಯನ್ನು ಪರದೆಯಲ್ಲಿ ಎಷ್ಟು ತಿದ್ದಿದರೂ ಕೊನೆಗೊಮ್ಮೆ ಪ್ರಿಂಟ್ ತೆಗೆದು ನೋಡುತ್ತೇವೆ ಅಲ್ವಾ? ನಮ್ಮ ಲೇಸರ್ ಪ್ರಿಂಟರ್ ಇಂಚಿಗೆ 600 ಚುಕ್ಕಿ ಇಡುತ್ತದೆ. ಪರದೆಯಲ್ಲಿ ಕಾಣದ ಸೀಳು ಕಾಗದದಲ್ಲಿ ಕಾಣುತ್ತದೆ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಇಲ್ಲೇ ಪಕ್ಕದ ಮಂಗಳೂರಿನಲ್ಲಿ ಕಲ್ಲಚ್ಚಿನಲ್ಲಿ ಅಚ್ಚಾಯಿತು. ಕಲ್ಲಚ್ಚಿನಲ್ಲಿ ಗೆರೆ ಅಂದರೆ ಗೆರೆಯೇ, ಚುಕ್ಕಿಚುಕ್ಕಿಯಾಗಿ ಒಡೆಯುವ ಮಾತೇ ಇಲ್ಲ. ಪರದೆಯ ಅಕ್ಷರ ಆ ಮಟ್ಟಕ್ಕೆ ಸಮೀಪ ಬಂದದ್ದು ತೀರಾ ಈಚೆಗೆ. 2012ರಲ್ಲಿ ಆ್ಯಪಲ್‌ನವರು ಇಂಚಿಗೆ 220 ಪಿಕ್ಸೆಲ್‌ನ ಮ್ಯಾಕ್‌ಬುಕ್ ಪ್ರೊ ತಂದ ಮೇಲೆ ಉಳಿದವರೂ ಆ ದಾರಿ ಹಿಡಿದರು.

ಹಾಗಾದರೆ 4ಕೆ ತಗೊಂಡರೆ ಮುಗಿಯಿತಲ್ಲ ಅಂತ ಕೇಳಬೇಡ. ಅದು ಬೇಡ. 13.3 ಇಂಚಿನಲ್ಲಿ 83 ಲಕ್ಷ ಪಿಕ್ಸೆಲ್ ಇದೆ, ನಿನ್ನ ಮೊದಲನೆಯದರಲ್ಲಿ 23 ಲಕ್ಷ. ಅಷ್ಟನ್ನೂ ಗ್ರಾಫಿಕ್ಸ್ ಚಿಪ್ ತುಂಬಿಸುತ್ತಾ ಇರಬೇಕು. ಎಲ್‌ಸಿಡಿಯಲ್ಲಿ, ಅಂದರೆ ಹಿಂದಿನಿಂದ ಬೆಳಕು ಹಾಯಿಸುವ ಪರದೆಯಲ್ಲಿ, ಪ್ರತಿ ಪಿಕ್ಸೆಲ್‌ನ ಕೆಂಪು, ಹಸಿರು, ನೀಲಿ ಭಾಗಗಳಿಗೆ ಒಂದೊಂದು ಟ್ರಾನ್ಸಿಸ್ಟರ್ (ಸಣ್ಣ ಸ್ವಿಚ್ಚು) ಇರುತ್ತದೆ, ಅದು ಸ್ವಲ್ಪ ಬೆಳಕನ್ನು ತಡೆಯುತ್ತದೆ. ಪಿಕ್ಸೆಲ್ ಸಣ್ಣದಾದಷ್ಟೂ ತಡೆ ಜಾಸ್ತಿ, ಹಿಂದಿನ ಬೆಳಕನ್ನು ಹೆಚ್ಚು ಉರಿಸಬೇಕು. ಎಲ್ಲ ಹೋಗುವುದು ಬ್ಯಾಟರಿಯಿಂದಲೇ. ಮಳೆಗಾಲದಲ್ಲಿ ನೀನು ಮನೆಗೆ ಬಂದಾಗ ಮಧ್ಯಾಹ್ನ ಹೋದ ಕರೆಂಟು ರಾತ್ರಿಯಾದರೂ ಬರದೆ ಇರುವುದುಂಟು. ಆಗ ನಿನಗೆ ಬೇಕಾಗುವುದು ಇನ್ನೆರಡು ಗಂಟೆಯ ಬ್ಯಾಟರಿ, ಕಣ್ಣಿಗೇ ಕಾಣದ ಪಿಕ್ಸೆಲ್ ಅಲ್ಲ.

ಈಗ ಸ್ಕೇಲಿಂಗ್. ಇದನ್ನು ಯಾರೂ ವಿವರಿಸುವುದಿಲ್ಲ, ತಲೆನೋವು ಶುರುವಾಗುವುದು ಇಲ್ಲೇ. ಪಿಕ್ಸೆಲ್ ಸಣ್ಣದಾದರೆ ಅಕ್ಷರವೂ ಸಣ್ಣದಾಗುತ್ತದೆ, ಅದಕ್ಕೆ ವಿಂಡೋಸ್ ಎಲ್ಲವನ್ನೂ ಹಿಗ್ಗಿಸಿ ತೋರಿಸುತ್ತದೆ. ನಿನ್ನ ಮೊದಲನೆಯದರಲ್ಲಿ ಸ್ಕೇಲ್ 100 ಇಟ್ಟರೆ 11 ಪಾಯಿಂಟಿನ ಅಕ್ಷರ ಕಾಗದದ ಆರೂವರೆ ಪಾಯಿಂಟಿನಷ್ಟು ಕಾಣುತ್ತದೆ. ಜಾಹೀರಾತಿನ ಕೆಳಗಿನ ಷರತ್ತುಗಳ ಗಾತ್ರ ಅದು. 125 ಇಟ್ಟರೆ ಎಂಟು ಪಾಯಿಂಟು. 150ಕ್ಕೆ ಹೋದರೆ ಹತ್ತಿರ ಹತ್ತಿರ ಹತ್ತು, ಓದಲು ಹಿತ. ಆದರೆ ಪರದೆಯಲ್ಲಿ ಹಿಡಿಸುವ ಜಾಗ 1280 x 800ಕ್ಕೆ ಇಳಿಯುತ್ತದೆ. ಮೂಲ ಪ್ರತಿ ಒಂದು ಕಡೆ, ತಿದ್ದುವ ಪ್ರತಿ ಇನ್ನೊಂದು ಕಡೆ ಇಟ್ಟುಕೊಳ್ಳುವುದು ಇಕ್ಕಟ್ಟು.

2880 x 1800ರಲ್ಲಿ ಸೀದಾ 200 ಇಡಬಹುದು. ಜಾಗ 1440 x 900 ಸಿಗುತ್ತದೆ. ಅಕ್ಷರದ ಗಾತ್ರ ಒಂಬತ್ತು ಪಾಯಿಂಟಿಗೆ ಸ್ವಲ್ಪ ಕಮ್ಮಿ, ನಿನ್ನ ವಯಸ್ಸಿಗೆ ತೊಂದರೆ ಇಲ್ಲ. ಅದೇ ಒತ್ತಕ್ಷರಕ್ಕೆ ನಾಲ್ಕೈದರ ಬದಲು ಎಂಟು ಹತ್ತು ಸಾಲು ಪಿಕ್ಸೆಲ್ ಸಿಗುತ್ತದೆ. 200ರಲ್ಲಿ ಒಂದು ಪಿಕ್ಸೆಲ್ ಇದ್ದ ಕಡೆ ಸರಿಯಾಗಿ ನಾಲ್ಕು ಬರುತ್ತವೆ. 125, 150ರಲ್ಲಿ ಹಾಗೆ ಸಮ ಬರುವುದಿಲ್ಲ, ತೆಳು ಗೆರೆ ಎರಡು ಪಿಕ್ಸೆಲ್‌ಗಳ ನಡುವೆ ಸಿಕ್ಕಿಕೊಳ್ಳುತ್ತದೆ. ಹೊಸ ಸಾಫ್ಟ್‌ವೇರ್‌ಗಳು ಇದನ್ನು ಚೆನ್ನಾಗಿಯೇ ನಿಭಾಯಿಸುತ್ತವೆ. ಹಳೆಯವು ಇಲ್ಲ. ನಾನು ಕಳಿಸುವ ಪೇಜ್‌ಮೇಕರ್ (ಪುಟ ಜೋಡಿಸುವ ಹಳೆ ಸಾಫ್ಟ್‌ವೇರ್) ಫೈಲ್‌ಗಳನ್ನು ನೀನು ತೆರೆಯಲೇಬೇಕು. ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ. ಸ್ಕೇಲಿಂಗ್ ಅಂದರೇನು ಅಂತ ಅದಕ್ಕೆ ಗೊತ್ತಿಲ್ಲ. ವಿಂಡೋಸ್ ಅದರ ಚಿತ್ರವನ್ನೇ ಎಳೆದು ದೊಡ್ಡದು ಮಾಡುತ್ತದೆ. 150ರಲ್ಲಿ ಆ ಮಂಕು ಎದ್ದು ಕಾಣುತ್ತದೆ.

ಎರಡನೆಯದರಲ್ಲಿ ಒಂದೇ ಅನುಮಾನ, ಅದು ಓಎಲ್‌ಇಡಿ ಪರದೆ, ಅಂದರೆ ಪ್ರತಿ ಪಿಕ್ಸೆಲ್ ತಾನೇ ಬೆಳಗುವಂಥದ್ದು. ಬಣ್ಣ ಬಹಳ ಚೆಂದ, ಕಪ್ಪು ಅಂದರೆ ಕಡುಗಪ್ಪು. ಆದರೆ ಕೆಲವು ಓಎಲ್‌ಇಡಿಗಳು ಬೆಳಕು ಕಡಿಮೆ ಮಾಡಿದಾಗ ಬೇಗ ಬೇಗ ಮಿಣುಕುತ್ತವೆ. ಕೆಲವರಿಗೆ ಅದರಿಂದ ತಲೆ ನೋಯುತ್ತದೆ. ಬಿಳಿ ಪುಟ ತುಂಬಾ ಹೊತ್ತು ತೆರೆದಿಟ್ಟರೆ ಬ್ಯಾಟರಿಯೂ ಜಾಸ್ತಿ ತಿನ್ನುತ್ತದೆ, ನಿನ್ನ ಕೆಲಸವೆಲ್ಲ ಬಿಳಿ ಪುಟದಲ್ಲೇ. ಮೇಲಿನ ಗಾಜು ಹೊಳೆಯುವಂಥದ್ದಾದರೆ ನಮ್ಮ ಮನೆಯ ಜಗಲಿಯಲ್ಲಿ ಕೂತಾಗ ಪರದೆಯಲ್ಲಿ ಕಾಣುವುದು ಅಂಗಳದ ತೆಂಗಿನಮರ.

ಅಂಗಡಿಯಲ್ಲಿ ಅವಸರ ಮಾಡಬೇಡ. ಅವರು ಹಾಕಿಟ್ಟ ಬಣ್ಣದ ವಿಡಿಯೋ ನಿಲ್ಲಿಸಲು ಹೇಳು. ನೋಟ್‌ಪ್ಯಾಡ್ ತೆರೆದು ರಾಷ್ಟ್ರ, ಸ್ತ್ರೀ, ಧ್ಯಾನ, ಕಥೆ, ಬ್ರಹ್ಮ, ಜ್ಞಾನ ಅಂತ 11ರ ಗಾತ್ರದಲ್ಲಿ ಟೈಪ್ ಮಾಡು. ಡಿಸ್‌ಪ್ಲೇ ಸೆಟ್ಟಿಂಗ್‌ಗೆ ಹೋಗಿ ಸ್ಕೇಲ್ ಎಷ್ಟಿದೆ ನೋಡು, ನಾನು ಹೇಳಿದ ಅಂಕೆಗೆ ತಂದುಕೋ. ಕುರ್ಚಿ ಕೇಳು, ಮನೆಯಲ್ಲಿ ಕೂರುವ ಹಾಗೆಯೇ ಕೂತು ಓದು. ಬೆಳಕನ್ನು ಕಾಲು ಭಾಗಕ್ಕೆ ಇಳಿಸಿ ಫೋನಿನ ಸ್ಲೋ ಮೋಷನ್‌ನಲ್ಲಿ ಪರದೆಯ ವಿಡಿಯೋ ತೆಗೆ. ದಪ್ಪ ಕಪ್ಪು ಪಟ್ಟೆಗಳು ಓಡಿದರೆ ಆ ಪರದೆ ಮಿಣುಕುತ್ತಿದೆ ಅಂತ ಲೆಕ್ಕ.

ಮಿಣುಕು ಇಲ್ಲದಿದ್ದರೆ ಎರಡನೆಯದನ್ನೇ ತಗೋ. ಇದ್ದರೆ ಮೊದಲನೆಯದು. ಆದರೆ ಅದು ಐಪಿಎಸ್ ಪ್ಯಾನೆಲ್ (ಓರೆಯಿಂದ ನೋಡಿದರೂ ಬಣ್ಣ ಕೆಡದ ಬಗೆ) ಆಗಿರಲಿ, ಮ್ಯಾಟ್ (ಹೊಳೆಯದ ಮೇಲ್ಮೈ) ಆಗಿರಲಿ, ಬೆಳಕು 300 ನಿಟ್ಸ್‌ಗೆ (ಪರದೆಯ ಬೆಳಕಿನ ಅಳತೆ) ಕಮ್ಮಿ ಬೇಡ. ಉಳಿದ ದುಡ್ಡನ್ನು ಮೆಮೊರಿಗೆ ಹಾಕು. ಕಮ್ಮಿಗೆ ಸಿಗುತ್ತದೆ ಅಂತ ಯಾರಾದರೂ 1366 x 768ರ ಹಳೆ ಲ್ಯಾಪ್‌ಟಾಪ್ ತೋರಿಸಿದರೆ ಮುಟ್ಟಬೇಡ. 14 ಇಂಚಿನಲ್ಲಿ ಅದು ಇಂಚಿಗೆ 112. ಇಡೀ ದಿನ ಅದರಲ್ಲಿ ಕನ್ನಡ ತಿದ್ದುವುದು ಕಣ್ಣಿಗೆ ಶಿಕ್ಷೆ.

ಹಣ ನಿನ್ನ ಖಾತೆಗೆ ಹಾಕಿದ್ದೇನೆ. ಬಿಲ್ಲು ಮಾಡಿಸುವ ಮೊದಲು ಆ ಆರು ಪದಗಳ ಫೋಟೊ ತೆಗೆದು ಕಳಿಸು. ಎರಡು ಲ್ಯಾಪ್‌ಟಾಪ್‌ನದ್ದೂ ಇರಲಿ, ಒಂದೇ ದೂರದಿಂದ ತೆಗೆ. ಅಂಗಡಿ ಮುಚ್ಚುವವರೆಗೂ ಫೋನ್ ಕೈಯಲ್ಲೇ ಇಟ್ಟುಕೊಂಡಿರುತ್ತೇನೆ.

ನಿನ್ನ
ಅಮ್ಮ