ಲೆವೆಲ್ ಬದಲಾದರೆ ಮಗುವನ್ನು ಎಲ್ಲಿ ನಿಲ್ಲಿಸಬೇಕು?

ಮಾನ್ಯ ಸಂಪಾದಕರೇ,

ಜಿಮ್ನಾಸ್ಟಿಕ್ಸ್‌ನಲ್ಲಿ ಮಕ್ಕಳ ಸ್ಪರ್ಧೆಯ ಲೆವೆಲ್‌ಗಳನ್ನು (ಕಷ್ಟ ಏರುತ್ತಾ ಹೋಗುವ ಹಂತಗಳನ್ನು) ಆಗಾಗ ಪರಿಷ್ಕರಿಸುವುದು ರೂಢಿ. ಹೊಸ ಪಟ್ಟಿ ಕೈಗೆ ಬಂದ ಕೂಡಲೇ ಪೋಷಕರು ಕೇಳುವುದು ಒಂದೇ ಪ್ರಶ್ನೆ: 'ನಮ್ಮ ಮಗಳು ಈಗ ಎಷ್ಟನೇ ಲೆವೆಲ್?' ಎಷ್ಟೋ ಕೋಚ್‌ಗಳೂ ಇದಕ್ಕೆ ಹಳೆಯ ಸಂಖ್ಯೆ ನೋಡಿಯೇ ಉತ್ತರ ಹೇಳಿಬಿಡುತ್ತಾರೆ. ಮಕ್ಕಳ ಮುನ್ನಡೆ ದಾರಿ ತಪ್ಪುವುದು ಇಲ್ಲೇ.

ಅಮೆರಿಕದಲ್ಲಿ 2013ರಲ್ಲಿ ಹುಡುಗಿಯರ ವಿಭಾಗದ ಲೆವೆಲ್‌ಗಳನ್ನು ಮರುವಿಂಗಡಿಸಿದ್ದನ್ನೇ ನೋಡಿ. ಹಳೆಯ 4ನೇ ಲೆವೆಲ್ ಹೆಚ್ಚುಕಡಿಮೆ ಹೊಸ 3 ಆಯಿತು, ಹಳೆಯ 5 ಹೊಸ 4 ಆಯಿತು, ಹಳೆಯ 6 ಹೊಸ 5 ಆಯಿತು. ಖಾಲಿಯಾದ 6ನೇ ಜಾಗಕ್ಕೆ ಸ್ವಂತ ರೊಟೀನ್ (ಚಲನೆಗಳ ಸರಣಿ) ಕಟ್ಟಿಕೊಂಡು ಸ್ಪರ್ಧಿಸುವ ಹೊಸ ಲೆವೆಲ್ ಬಂತು. ಇಂಥ ಬದಲಾವಣೆಯಲ್ಲಿ 5ರಲ್ಲಿದ್ದ ಮಗು ಮರುವರ್ಷ 4ರಲ್ಲಿ ನಿಂತರೆ ಹಿಂಬಡ್ತಿಯಾಯಿತೆಂದು ಮನೆಯವರಿಗೆ ಬೇಸರವಾಗುತ್ತದೆ. ವಾಸ್ತವದಲ್ಲಿ ಅದು ಮಾಡುತ್ತಿರುವುದು ಬಹುಪಾಲು ಹಿಂದಿನ ಕಸರತ್ತನ್ನೇ. ಈ ಬೇಸರ ಹೇಗೋ ಕಳೆಯುತ್ತದೆ. ಹೆಚ್ಚು ಅಪಾಯ ಇರುವುದು ಇದರ ತಿರುಗುಮುರುಗಿನಲ್ಲಿ. ಹಳೆಯ 4 ಮುಗಿಸಿದ ಮಗುವನ್ನು 'ನಾಲ್ಕಾದ ಮೇಲೆ ಐದು' ಎಂದು ಹೊಸ 5ಕ್ಕೆ ಸೇರಿಸಿದರೆ ನಡುವಿನ ಇಡೀ ಒಂದು ಲೆವೆಲ್ ಹಾರಿಹೋಗುತ್ತದೆ. ಎತ್ತರ-ತಗ್ಗಿನ ಎರಡು ಅಡ್ಡಪಟ್ಟಿಗಳಿರುವ ಬಾರ್ಸ್‌ನಲ್ಲಿ ಕಿಪ್, ಅಂದರೆ ನೇತಾಡುವಲ್ಲಿಂದ ತೂಗಿ ಬಾರ್ ಮೇಲೇಳುವ ಚಲನೆ, ಕಲಿಯುವ ವರ್ಷವೇ ಹಾಗೆ ಕಳೆದುಹೋಗುವ ಲೆವೆಲ್.

ಕಿಪ್ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಬಾರ್ಸ್‌ನಲ್ಲಿ ಮುಂದೆ ಬರುವುದೆಲ್ಲ ಅದರ ಮೇಲೆಯೇ ನಿಂತಿದೆ. ಕೆಳಗಿನ ಬಾರ್ ಹಿಡಿದು, ಪಾದ ನೆಲಕ್ಕೆ ತಾಗದಂತೆ ಮುಂದಕ್ಕೆ ಜಾರಿ, ಮೈ ಪೂರ್ತಿ ಚಾಚಿದ ಕ್ಷಣದಲ್ಲಿ ಕಾಲ್ಬೆರಳನ್ನು ಬಾರ್‌ನ ಹತ್ತಿರ ತರಬೇಕು. ಮೈ ಹಿಂದಕ್ಕೆ ತೂಗುವಾಗ ಕೈ ನೇರವಾಗಿಯೇ ಇಟ್ಟು, ಬಾರನ್ನು ಮೊಣಕಾಲಿನಿಂದ ತೊಡೆಯ ಉದ್ದಕ್ಕೂ ಸೊಂಟದವರೆಗೆ ಎಳೆದುಕೊಂಡು, ಮಣಿಕಟ್ಟನ್ನು ಬಾರ್ ಮೇಲಕ್ಕೆ ಹೊರಳಿಸಿ, ಕೈ ಊರಿ ಮೇಲೇಳಬೇಕು. ಕೆಡುವುದು ಸಾಮಾನ್ಯವಾಗಿ ಮೂರು ಕಡೆ. ಮೈ ಚಾಚುವ ಮೊದಲೇ ಕಾಲೆತ್ತಿದರೆ ತೂಗಿನ ಬಲ ಅಲ್ಲೇ ಸತ್ತುಹೋಗುತ್ತದೆ. ಮೊಣಕೈ ಮಡಚಿದರೆ ಹೊಟ್ಟೆ ಬಾರ್‌ನಿಂದ ದೂರ ಸರಿಯುತ್ತದೆ. ಮಣಿಕಟ್ಟು ಹೊರಳದಿದ್ದರೆ ಮೇಲೆ ಬಂದ ಮೈ ಹಾಗೇ ಕೆಳಗೆ ಜಾರುತ್ತದೆ. ಇವೆಲ್ಲ ಸರಿಹೋಗಲು ಹಲವು ಮಕ್ಕಳಿಗೆ ತಿಂಗಳುಗಟ್ಟಲೆ ಬೇಕು. ನೇತಾಡುತ್ತಾ ಕಾಲು ಮಡಚದೆ ಬಾರ್‌ಗೆ ಬೆರಳು ಮುಟ್ಟಿಸುವುದು ಹತ್ತು ಸಲ ಆಗದ ಮಗುವಿಗೆ ಕಿಪ್ ಹೇಳಿಕೊಡಲು ಹೊರಡುವುದೇ ಅವಸರ. ಕಿಪ್ ಗಟ್ಟಿಯಾಗದೆ ಕಾಸ್ಟ್ (ಬಾರ್ ಮೇಲೆ ಕೈ ಊರಿ ಕಾಲನ್ನು ಹಿಂದಕ್ಕೆ ಮೇಲೆತ್ತುವುದು) ಎತ್ತರಕ್ಕೆ ಏರುವುದಿಲ್ಲ. ಕಾಸ್ಟ್ ಹ್ಯಾಂಡ್‌ಸ್ಟ್ಯಾಂಡ್‌ವರೆಗೆ, ಅಂದರೆ ತಲೆಕೆಳಗಾಗಿ ಕೈ ಮೇಲೆ ನೇರ ನಿಲ್ಲುವವರೆಗೆ, ಏರದಿದ್ದರೆ ಜೈಂಟ್ (ಮೈ ಚಾಚಿ ಬಾರ್ ಸುತ್ತ ಪೂರ್ತಿ ಸುತ್ತುವುದು) ಇಲ್ಲ. ಒಂದು ಲೆವೆಲ್ ಹಾರಿಸಿ ಉಳಿಸಿದ ವರ್ಷ, ಎರಡು ಲೆವೆಲ್ ಆಚೆ ಎರಡು ವರ್ಷ ತಿನ್ನುವುದು ಹೀಗೆ.

ಕಿರಿದಾದ ತೊಲೆಯಂಥ ಬೀಮ್‌ನಲ್ಲಿ ಸಮಸ್ಯೆಯ ಬಗೆಯೇ ಬೇರೆ. ಅಲ್ಲಿ ಬಲಕ್ಕಿಂತ ಭಯದ ಪ್ರಶ್ನೆ ದೊಡ್ಡದು. ಬೀಮ್‌ನ ಅಗಲ ಕೇವಲ 10 ಸೆಂ.ಮೀ., ಸ್ಪರ್ಧೆಯ ಎತ್ತರ 125 ಸೆಂ.ಮೀ. ಬ್ಯಾಕ್ ವಾಕ್‌ಓವರ್‌ನಂಥ (ಹಿಂದಕ್ಕೆ ಬಾಗಿ ಕೈ ಊರಿ ಕಾಲು ದಾಟಿಸುವ) ಹಿಮ್ಮುಖ ಚಲನೆ ಮೊದಲು ನೆಲದ ಗೆರೆಯ ಮೇಲೆ, ಆಮೇಲೆ ನೆಲಕ್ಕಿಟ್ಟ ಬೀಮ್ ಮೇಲೆ, ಬಳಿಕ ಪಕ್ಕದಲ್ಲಿ ಮ್ಯಾಟ್ ಪೇರಿಸಿದ ಎತ್ತರದ ಬೀಮ್ ಮೇಲೆ ಬರಬೇಕು. ಮ್ಯಾಟ್‌ಗಳನ್ನು ಒಂದೊಂದಾಗಿ ತೆಗೆಯುತ್ತಾ ಹೋಗಬೇಕು. ಹತ್ತರಲ್ಲಿ ಎಂಟು ಸಲ ಕಾಲು ಜಾರದೆ ಆದ ಮೇಲಷ್ಟೇ ಮುಂದಿನ ಎತ್ತರ ಎನ್ನುವುದು ಒಳ್ಳೆಯ ಅಳತೆ. ಹೊಸ ಪಟ್ಟಿಯಲ್ಲಿ ಈ ಚಲನೆ ಒಂದು ವರ್ಷ ಮುಂಚಿತವಾಗಿ ಬಂದಿದೆ ಎಂಬ ಕಾರಣಕ್ಕೆ ಇದರಲ್ಲಿ ಎರಡು ಹಂತ ನುಂಗಿದರೆ, ಒಮ್ಮೆ ಬಿದ್ದ ಮಗು ಹಿಮ್ಮುಖ ಚಲನೆಯನ್ನೇ ನಿರಾಕರಿಸತೊಡಗುತ್ತದೆ. ಆ ಹೆದರಿಕೆ ಬಿಡಿಸುವುದಕ್ಕಿಂತ ಬಾರದಂತೆ ನೋಡಿಕೊಳ್ಳುವುದು ಎಷ್ಟೋ ಸುಲಭ.

ಅಂಕಗಳ ವಿಷಯದಲ್ಲೂ ಗೊಂದಲವಿದೆ. ಎಲ್ಲರೂ ಒಂದೇ ರೊಟೀನ್ ಮಾಡುವ ಲೆವೆಲ್‌ಗಳಲ್ಲಿ ನಾಜೂಕಿಗೆ ಬೆಲೆ: ಮಂಡಿ ಮಡಚಿದ್ದು, ಪಾದ ಚಾಚದ್ದು, ಹೆಜ್ಜೆ ತಪ್ಪಿದ್ದು ಎಂದು ಚೂರುಚೂರೇ ಕಳೆಯುತ್ತಾರೆ. ಸ್ವಂತ ರೊಟೀನ್‌ನ ಲೆವೆಲ್‌ಗೆ ಬಂದರೆ, ಕಡ್ಡಾಯವಾದ ಒಂದು ಅಂಶ ಇಲ್ಲದಿದ್ದರೆ ಆರಂಭದ 10 ಅಂಕದಲ್ಲೇ 0.5 ಹೋಗುತ್ತದೆ. ಬಿದ್ದರೆ ಇನ್ನೊಂದು 0.5. ಇದು ಅಮೆರಿಕದ ಲೆವೆಲ್ ಪದ್ಧತಿಯ ಲೆಕ್ಕ. ಅಂತರರಾಷ್ಟ್ರೀಯ ನಿಯಮದಲ್ಲಿ ಬಿದ್ದರೆ ಪೂರ್ತಿ 1.0 ಕಡಿತ. ಹಾಗಾಗಿ ಕಳೆದ ವರ್ಷ 9.2 ತೆಗೆದ ಮಗು ಈ ವರ್ಷ 8ರ ಆಸುಪಾಸಿನಲ್ಲಿ ನಿಂತರೆ ಅದು ಕೆಟ್ಟುಹೋಯಿತು ಎಂದಲ್ಲ. ಅಂಕದ ಹಾಳೆಯಲ್ಲಿ ಕಳೆದದ್ದು ಎಲ್ಲಿ ಎಂದು ನೋಡಿ. ಕಡ್ಡಾಯ ಅಂಶದಲ್ಲಿ ಹೋಗಿದ್ದರೆ ಮಗು ತನ್ನ ಅಳತೆಗಿಂತ ಮೇಲಿನ ಲೆವೆಲ್‌ನಲ್ಲಿದೆ ಎಂದರ್ಥ. ನಾಜೂಕಿನಲ್ಲಿ ಹೋಗಿದ್ದರೆ ಲೆವೆಲ್ ಸರಿಯಾಗಿಯೇ ಇದೆ, ಅಭ್ಯಾಸ ಸಾಲದು ಅಷ್ಟೆ.

ನಿಯಮ ಬದಲಾದರೆ ಮೇಲ್ಮಟ್ಟದವರಿಗೂ ಬಿಸಿ ತಟ್ಟುತ್ತದೆ. ಭಾರತದ ದೀಪಾ ಕರ್ಮಾಕರ್ 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಮಾಡಿದ ಪ್ರೊಡುನೋವಾ ವಾಲ್ಟ್‌ಗೆ (ಓಡಿ ಬಂದು ಟೇಬಲ್ ಮೇಲೆ ಕೈ ಊರಿ ಮುಂದಕ್ಕೆ ಎರಡು ಪಲ್ಟಿ ಹೊಡೆಯುವ ಜಿಗಿತ) ಆಗ 7.0 ಕಷ್ಟಾಂಕವಿತ್ತು, ಅಂದರೆ ಚಲನೆಯ ಕಷ್ಟಕ್ಕೆ ಕೊಡುವ ಅಂಕ. ಮುಂದಿನ ನಿಯಮಾವಳಿಯಲ್ಲಿ ಅದು 6.4ಕ್ಕೆ ಇಳಿಯಿತು. ವಾಲ್ಟ್ ಅದೇ, ಅದರ ಅಪಾಯವೂ ಅದೇ. ಹುಡುಗಿಯರು ಅಂತರರಾಷ್ಟ್ರೀಯ ಸೀನಿಯರ್ ಸ್ಪರ್ಧೆಗೆ ಇಳಿಯಲು ಬೇಕಾದ ಕನಿಷ್ಠ ವಯಸ್ಸು 1981ರಲ್ಲಿ 15ಕ್ಕೆ, 1997ರಲ್ಲಿ 16ಕ್ಕೆ ಏರಿತು. ಎಳೆಯ ಮೈಯನ್ನು ಕಾಪಾಡುವ ದೃಷ್ಟಿಯಿಂದ ನನ್ನ ಮಟ್ಟಿಗೆ ಅದು ಒಳ್ಳೆಯ ನಿರ್ಧಾರವೇ. ಆದರೂ ಲೆವೆಲ್‌ಗಳನ್ನು ಬೇಗ ಹತ್ತಿಸಿ 13ಕ್ಕೇ ತುದಿ ಮುಟ್ಟಿಸುವ ಹಳೆಯ ಲೆಕ್ಕಾಚಾರವನ್ನು ಇನ್ನೂ ಎಷ್ಟೋ ಕಡೆ ಬಿಟ್ಟಿಲ್ಲ.

ವಯಸ್ಸಿನ ಮಾತು ಬಂದಿದ್ದರಿಂದ ಇದನ್ನೂ ಹೇಳಬೇಕು. ಮಗು ಸರ್ರನೆ ಎತ್ತರ ಬೆಳೆಯುವ ವರ್ಷದಲ್ಲೇ ಲೆವೆಲ್ ಬದಲಾದರೆ ಎರಡೂ ಹೊರೆ ಒಟ್ಟಿಗೆ ಬೀಳುತ್ತವೆ. ಕಾಲು ಉದ್ದವಾದ ಮಗುವಿಗೆ ಹಿಂದೆ ಬರುತ್ತಿದ್ದ ಕಿಪ್‌ನ ಸಮಯವೇ ತಪ್ಪುತ್ತದೆ, ಪಾದ ಮ್ಯಾಟ್‌ಗೆ ಉಜ್ಜುತ್ತದೆ. ಮೂಳೆಯ ತುದಿಯ ಬೆಳವಣಿಗೆ ಫಲಕಗಳು ಆಗ ಸೂಕ್ಷ್ಮವಾಗಿರುತ್ತವೆ. ಮಣಿಕಟ್ಟು, ಹಿಮ್ಮಡಿ, ಮಂಡಿಯ ಕೆಳಭಾಗದಲ್ಲಿ ನೋವು ಕಾಣಿಸುವುದು ಇದೇ ಹೊತ್ತಿನಲ್ಲಿ. ಸೊಂಟ ಹಿಂದಕ್ಕೆ ಬಾಗಿಸಿದಾಗ ನೋವು ಬಂದು ವಾರ ಕಳೆದರೂ ಹೋಗದಿದ್ದರೆ ಬೆನ್ನುಮೂಳೆಯಲ್ಲಿ ಬಿರುಕಿದೆಯೇ ಎಂದು ವೈದ್ಯರಿಗೆ ತೋರಿಸಲೇಬೇಕು. ಅಂಥ ವರ್ಷ ಹಿಂದಿನ ಲೆವೆಲ್‌ನಲ್ಲೇ ಇನ್ನೊಂದು ಸೀಸನ್ ಉಳಿಸಿದರೆ ಮಗುವಿಗೆ ನಷ್ಟವೇನಿಲ್ಲ.

ಸ್ಪರ್ಧೆ ನಡೆಸುವವರಲ್ಲಿ ನನ್ನ ಬೇಡಿಕೆಗಳು ಇವು. ಹೊಸ ಪಟ್ಟಿಯನ್ನು ಜಾರಿಗೆ ಒಂದು ವರ್ಷ ಮೊದಲೇ ಪ್ರಕಟಿಸಿ. ಹಳೆಯ ಯಾವ ಲೆವೆಲ್ ಹೊಸ ಯಾವುದಕ್ಕೆ ಸಮ ಎಂಬ ಕೋಷ್ಟಕವನ್ನು, ಎಲ್ಲಿ ಯಾವ ಚಲನೆ ಹೊಸದಾಗಿ ಸೇರಿದೆ ಎಂಬುದನ್ನೂ ಸೇರಿಸಿ, ಜೊತೆಗೇ ಕೊಡಿ. ಮೊದಲ ಸೀಸನ್‌ನಲ್ಲಿ ಮಕ್ಕಳಿಗೆ ಬಾರ್ಸ್‌ನಲ್ಲಿ ಒಂದು, ಬೀಮ್‌ನಲ್ಲಿ ಇನ್ನೊಂದು ಲೆವೆಲ್ ಮಾಡುವ ಅವಕಾಶ ಕೊಡಿ, ಏಕೆಂದರೆ ನಾಲ್ಕೂ ಉಪಕರಣಗಳಲ್ಲಿ ಸಮನಾಗಿ ಮುಂದುವರಿಯುವ ಮಕ್ಕಳು ವಿರಳ. ಬಡ್ತಿಗೆ ಬೇಕಾದ ಕನಿಷ್ಠ ಮೊತ್ತವನ್ನು ಹಳೆಯ ರೊಟೀನ್‌ನ ಅಂದಾಜಿನಲ್ಲೇ ಇಡದೆ, ಮೊದಲ ಕೆಲವು ಸ್ಪರ್ಧೆಗಳ ಅಂಕ ನೋಡಿ ನಿಗದಿ ಮಾಡಿ. ಜಡ್ಜ್‌ಗಳ ತರಬೇತಿಯಂತೂ ಮೊದಲ ಸ್ಪರ್ಧೆಗೆ ಮುನ್ನವೇ ಮುಗಿದಿರಬೇಕು. ಒಂದೇ ಕಾಸ್ಟ್‌ಗೆ ಒಬ್ಬರು 0.1, ಇನ್ನೊಬ್ಬರು 0.3 ಕಳೆಯುತ್ತಾ ಕುಳಿತರೆ ಬಡ್ತಿಯ ಮೊತ್ತ ಎಷ್ಟಿಟ್ಟರೂ ಅದಕ್ಕೆ ಅರ್ಥವಿರುವುದಿಲ್ಲ.

ಇಂತಿ,
ಒಬ್ಬ ಜಿಮ್ನಾಸ್ಟಿಕ್ಸ್ ತರಬೇತುದಾರ